ಗ್ರಾಫಿಕ್ಸ್ ಕಾರ್ಡಿಗೆ ಅರಿಶಿನ ಕುಂಕುಮ

ಹಡಗಿನ ಎಂಜಿನ್ನಿಗೂ ಪ್ರೊಪೆಲ್ಲರಿಗೂ ಜೋಡಿ ಹೊಂದಿಸುವುದು ನನ್ನ ಉದ್ಯೋಗ. ಗಾರ್ಡನ್ ರೀಚಿನಲ್ಲಿ ಹಡಗು ಕಟ್ಟುವ ಕಡೆ ಕುಳಿತು ವರ್ಷಗಟ್ಟಲೆ ಅದನ್ನೇ ಮಾಡಿದ್ದೇನೆ. ‘ಸಣ್ಣ ಎಂಜಿನ್ನಿಗೆ ದೊಡ್ಡ ಪ್ರೊಪೆಲ್ಲರ್ ಕಟ್ಟಿದರೆ ಹಡಗು ಓಡುವುದಿಲ್ಲ, ಎಂಜಿನ್ ಏದುಸಿರು ಬಿಡುತ್ತದೆ’ ಎಂದು ಊಟಕ್ಕೆ ಕುಳಿತಾಗಲೆಲ್ಲ ಹೆಂಡತಿಗೆ ಉಪನ್ಯಾಸ ಕೊಟ್ಟಿದ್ದೇನೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ತಿಳಿದಿದ್ದೆ. ಇಂಥ ಅನುಭವಸ್ಥನಿಗೆ ಮನೆಯ ಹಳೇ ಕಂಪ್ಯೂಟರಿಗೆ ಒಂದು ಹೊಸ ಗ್ರಾಫಿಕ್ಸ್ ಕಾರ್ಡು ಹಾಕುವುದು ಯಾವ ಘನಕಾರ್ಯ!

ಹೆಂಡತಿ ವಸುಧಾ ಹುಬ್ಬಳ್ಳಿಯವಳು, ನಾನು ಮೈಸೂರಿನವನು. ಬೆಹಾಲಾದ ನಮ್ಮ ಫ್ಲ್ಯಾಟುಗಳ ಕಟ್ಟಡದಲ್ಲಿ ಬಂಗಾಳಿಗಳ ನಡುವೆ ಕನ್ನಡದ ಮನೆ ನಮ್ಮದೊಂದೇ. ದುರ್ಗಾಪೂಜೆ ಬಂತೆಂದರೆ ಅಲ್ಲಿ ಹೆಂಗಸರಿಗೆ ಸಾಲು ಸಾಲು ಸ್ಪರ್ಧೆಗಳು. ವಸುಧಾ ಒಂದನ್ನೂ ಬಿಟ್ಟವಳಲ್ಲ. ಶಂಖ ಊದುವ ಸ್ಪರ್ಧೆಯಲ್ಲಿ ಅವಳ ಶಂಖದಿಂದ ಕುಕ್ಕರಿನ ಸೀಟಿಗೆ ಮೊದಲು ಬರುತ್ತದಲ್ಲ, ಆ ಉಸ್ಸೆಂಬ ಸದ್ದು ಮಾತ್ರ ಬಂತು. ಅಕ್ಕಿಹಿಟ್ಟಿನ ನೀರಿನಲ್ಲಿ ಬಳ್ಳಿ ಬಿಡಿಸುವ ಆಲ್ಪನಾ ಸ್ಪರ್ಧೆಯಲ್ಲಿ ಚುಕ್ಕಿ ಇಟ್ಟು ಅಂದವಾದ ರಂಗೋಲಿ ಹಾಕಿದಳು. ‘ಬಹಳ ಚೆನ್ನಾಗಿದೆ, ಆದರೆ ಇದು ಆಲ್ಪನಾ ಅಲ್ಲವಲ್ಲ’ ಎಂದು ತೀರ್ಪುಗಾರರು ಮುಂದೆ ನಡೆದರು. ಅವಳು ಎಲ್ಲರೆದುರು ನಕ್ಕಳು. ಮನೆಗೆ ಬಂದ ಮೇಲೆ ಪಾತ್ರೆಗಳು ತುಸು ಜೋರಾಗಿಯೇ ಸದ್ದು ಮಾಡಿದವು.

ನಗರದ ಆ ತುದಿಯ ಸಾಲ್ಟ್ ಲೇಕಿನಲ್ಲಿ ಎಲ್ಲಿ ನೋಡಿದರೂ ಐಟಿ ಕಂಪನಿಯ ಬೋರ್ಡುಗಳು ಏಳುತ್ತಿದ್ದ ಕಾಲ ಅದು. ಮಗಳ ಓದಿಗೆಂದು ತಂದಿದ್ದ ಕಂಪ್ಯೂಟರು, ಅವಳು ಹಾಸ್ಟೆಲಿಗೆ ಹೋದ ಮೇಲೆ ಅವಳಮ್ಮನ ಕಾರ್ ರೇಸಿಗೆ ಮೀಸಲಾಗಿತ್ತು. ಸಾರು ಕುದಿಯುವಷ್ಟರಲ್ಲಿ ಒಂದು ರೇಸು ಮುಗಿಸುವಷ್ಟು ಕೈ ಪಳಗಿತ್ತು. ಆ ವರ್ಷ ಅವಳು ಪೂಜಾ ಸಮಿತಿಯ ಮುಂದೆ ಹೋಗಿ, ಕಾಲ ಬದಲಾಗಿದೆ, ಕಂಪ್ಯೂಟರ್ ಸ್ಪರ್ಧೆಯೂ ಬೇಕು ಎಂದು ವಾದಿಸಿದಳು. ಕಾರ್ಯದರ್ಶಿ ಬಿಶ್ವಾಸ್ ಬಾಬು ಒಪ್ಪಿದರು. ನವಮಿಯ ಸಂಜೆ, ನಮ್ಮ ಮನೆಯಲ್ಲೇ, ‘ಮಹಿಳೆಯರ ಕಂಪ್ಯೂಟರ್ ಮೋಟಾರ್ ಪಂದ್ಯ’!

“ಈ ಸಲ ನಾನ ಗೆಲ್ಲಾಕಿ, ನೋಡ್ರಿ,” ಎಂದಳು ವಸುಧಾ. ಅವಳ ಮುಖ ನೋಡಿ ನನಗೂ ಆಸೆಯಾಯಿತು. ಇವಳು ಒಮ್ಮೆ ಗೆಲ್ಲಬೇಕಪ್ಪ ಅನ್ನಿಸಿತು. ಅಲ್ಲಿಗೇ ಸುಮ್ಮನಾಗಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ.

ಚಾಂದನಿ ಮಾರುಕಟ್ಟೆಗೆ ಹೋಗಿ, ಪೂಜೆಯ ಬೋನಸ್ಸನ್ನು ಧಾರೆಯೆರೆದು, ಅಂಗಡಿಯಲ್ಲಿದ್ದ ಅತಿ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ತಂದೆ. ನಾನು ಹೇಳಿದ್ದಕ್ಕೆಲ್ಲ ಅಂಗಡಿಯವನು “ಹೌದು ದಾದಾ, ಖೂಬ್ ಭಾಲೋ, ಬಹಳ ಒಳ್ಳೇದು” ಎಂದ. ಇಷ್ಟು ತಿಳಿವಳಿಕೆಯ ವ್ಯಾಪಾರಿಯನ್ನು ನಾನು ಕಂಡೇ ಇರಲಿಲ್ಲ!

“ಅಲ್ರೀ, ಇದ್ದದ್ದು ಛಲೋ ಓಡಾಕತ್ತೈತಿ. ಯಾಕ ಸುಮ್ನ ಕೈ ಹಾಕ್ತೀರಿ?”

“ನೀನು ಸುಮ್ನಿರೇ. ಚಿತ್ರ ಹೇಗೆ ಬರತ್ತೆ ನೋಡ್ತಿರು. ಗಾಜಿನ ಹಾಗೆ!”

ನವಮಿಯ ಬೆಳಗ್ಗೆ ಕಾರ್ಡನ್ನು ಕೂರಿಸಿದೆ. ಸಲೀಸಾಗಿ ಕೂತಿತು. ಇನ್ನು ಚಾಲೂ ಮಾಡಿ ನೋಡಬೇಕು ಎನ್ನುವಷ್ಟರಲ್ಲಿ ವಸುಧಾ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಊರಿಗೆ ದುರ್ಗೆಯ ನವಮಿಯಾದರೆ ನಮ್ಮ ಮನೆಗೆ ಖಂಡೇನವಮಿ, ಅಂದರೆ ಆಯುಧಪೂಜೆ. ಸ್ಕೂಟರು, ಮಿಕ್ಸಿ, ಈಳಿಗೆ, ಲೆಕ್ಕ ಹಾಕುವ ನನ್ನ ಹಳೇ ಸ್ಲೈಡ್ ರೂಲು, ಎಲ್ಲಕ್ಕೂ ಪೂಜೆಯಾಯಿತು. ಕಂಪ್ಯೂಟರಿನ ಸರದಿ ಬಂದಾಗ ನನಗೊಂದು ಭಕ್ತಿ ಉಕ್ಕಿತು. ಡಬ್ಬದ ಪಕ್ಕದ ತಗಡು ಇನ್ನೂ ತೆಗೆದೇ ಇತ್ತು. “ಒಳಗಿನ ಹೊಸಬನಿಗೂ ಸ್ವಲ್ಪ ಆಗಲಿ,” ಎಂದು ನಾನೇ ಕಾರ್ಡಿನ ಫ್ಯಾನಿಗೆ ಧಾರಾಳವಾಗಿ ಅರಿಶಿನ, ಕುಂಕುಮ ಏರಿಸಿದೆ.

“ಇನ್ನ ಸಂಜೀ ದೀಪಾ ಹಚ್ಚೂತನಕ ಯಾವ್ದೂ ಮುಟ್ಟಬ್ಯಾಡ್ರಿ,” ಎಂದಳು. ಪೂಜೆ ಮಾಡಿದ ಆಯುಧಕ್ಕೆ ಅಂದು ವಿಶ್ರಾಂತಿ, ಅದು ಅವಳ ತವರಿನ ಕಟ್ಟು. ನಾನು ಇಡೀ ದಿನ ಆ ಯಂತ್ರವನ್ನು ಕೈಕಟ್ಟಿ ನೋಡುತ್ತಾ ಕೂತೆ. ಮಿಕ್ಸಿಗೂ ರಜೆಯಾದ್ದರಿಂದ ಅಂದು ಚಟ್ನಿಯೂ ಇರಲಿಲ್ಲ.

ಸಂಜೆ ದೀಪ ಹಚ್ಚಿದ್ದೇ ತಡ, ಹೊಸ ಸೀರೆಗಳ ಸರಭರದೊಂದಿಗೆ ಮನೆ ತುಂಬಿತು. ಎಲ್ಲರಿಗಿಂತ ಹಿಂದೆ, ಗೋಡೆ ಹಿಡಿದು, ಮಂಡಿನೋವಿನ ಮಾಶಿಮಾ ಬಂದರು. ಮಾಶಿಮಾ ಎಂದರೆ ಚಿಕ್ಕಮ್ಮ. ಕೆಳಗಿನ ಮನೆಯ ಈ ಅಜ್ಜಿ ಇಡೀ ಕಟ್ಟಡಕ್ಕೇ ಚಿಕ್ಕಮ್ಮ. ತೀರ್ಪುಗಾರರಾದ ಬಿಶ್ವಾಸ್ ಬಾಬು ಮಲ್ಲಿಗೆಯಂಥ ಬಿಳಿ ಪಂಜಾಬಿ, ಅಂದರೆ ಅಲ್ಲಿಯ ಜುಬ್ಬಾ, ತೊಟ್ಟು ಕಂಪ್ಯೂಟರಿನ ಪಕ್ಕದಲ್ಲೇ ಆಸೀನರಾದರು. ತಗಡು ತೆಗೆದಿದ್ದ ಪಕ್ಕ ಅದೇ!

ನಾನು ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಬಿಶ್ವಾಸ್ ಬಾಬು ಹಳದಿಯಾದರು. ಆಮೇಲೆ ಕೆಂಪಾದರು.

“ಮಾ ದುರ್ಗೆಯ ಪ್ರಸಾದ!” ಎಂದು ಮಾಶಿಮಾ ಕೈ ಮುಗಿದರು. ಅವರು ಮುಗಿದ ಮೇಲೆ ಬಿಶ್ವಾಸ್ ಬಾಬುವೂ ಮುಗಿಯಲೇಬೇಕಾಯಿತು. ನನ್ನ ಮಾನ ಹೇಗೋ ಉಳಿಯಿತು. ಬುದ್ಧಿವಂತನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ.

ಸಿ.ಡಿ. ಹಾಕಿ ಕಾರ್ಡನ್ನು ಕಂಪ್ಯೂಟರಿಗೆ ಪರಿಚಯಿಸುವಷ್ಟರಲ್ಲಿ ನೆರೆದವರಿಗೆಲ್ಲ ಎರಡನೇ ಸಲ ಚಹಾ ಆಯಿತು. ನಂತರ ಆಟದ ಸೆಟ್ಟಿಂಗಿಗೆ ಹೋಗಿ, ಸಭಿಕರ ಸಮ್ಮುಖದಲ್ಲಿ, ಎಲ್ಲವನ್ನೂ ತುತ್ತತುದಿಗೆ ಏರಿಸಿದೆ. ಹೊಗೆ ಪೂರ್ತಿ, ನೆರಳು ಪೂರ್ತಿ, ಎದುರಾಳಿ ಕಾರುಗಳು ಪೂರ್ತಿ. ಪರದೆಯ ಮೇಲೆ ನಿಂತ ಕೆಂಪು ಕಾರಿನ ಮೈಮೇಲೆ ಮೋಡ ಕಾಣುತ್ತಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ವಸುಧಾಳ ಕಡೆ ‘ಹೇಗೆ?’ ಎಂಬಂತೆ ಹುಬ್ಬು ಹಾರಿಸಿದೆ.

ವಯಸ್ಸಿಗೆ ಮರ್ಯಾದೆ ಕೊಟ್ಟು ಮೊದಲ ಸರದಿಯನ್ನು ಮಾಶಿಮಾಗೆ ಬಿಟ್ಟರು. ಅವರು ಜನ್ಮದಲ್ಲಿ ಕೀಲಿಮಣೆ ಮುಟ್ಟಿದವರಲ್ಲ. ಯಾವ ಗುಂಡಿ ಯಾಕೆ ಎಂದು ವಸುಧಾಳೇ ಹೇಳಿಕೊಟ್ಟಳು. ಕಾರು ಹೊರಟಿತು.

ಹೊರಟಿತು ಎಂದೆನೇ? ನಿಂತಿತು. ಹೊರಟಿತು. ಮತ್ತೆ ನಿಂತಿತು. ನಮ್ಮ ರಸ್ತೆಯ ಜೋಕಾ ಟ್ರಾಮಿಗಾದರೂ ಇದಕ್ಕಿಂತ ಅವಸರವಿತ್ತು! ಚಿತ್ರವೇನೋ ಗಾಜಿನ ಹಾಗೇ ಇತ್ತು, ಆದರೆ ಕದಲಲು ಒಲ್ಲದು.

ಮಾಶಿಮಾಗೆ ಇದರಲ್ಲಿ ಯಾವ ದೋಷವೂ ಕಾಣಲಿಲ್ಲ. ಅವರು ನಡೆಯುವುದೂ ಹಾಗೆಯೇ. ತಿರುವು ಬಂದಾಗ ನಿಧಾನವಾಗಿ ಯೋಚಿಸಿ, ನಿಧಾನವಾಗಿ ಒತ್ತಿ, ಎಲ್ಲೂ ತಾಗಿಸದೆ ಗುರಿ ಮುಟ್ಟಿದರು. “ಎಂಥ ಸುಂದರ ಊರು,” ಎಂದು ಎದ್ದರು.

“ಒಂದು ನಿಮಿಷ, ಸೆಟ್ಟಿಂಗ್ ಸ್ವಲ್ಪ ಇಳಿಸ್ತೀನಿ,” ಎಂದು ಮುಂದೆ ಬಂದೆ.

“ಇಲ್ಲ ಇಲ್ಲ,” ಎಂದರು ಅರಿಶಿನದ ಬಿಶ್ವಾಸ್ ಬಾಬು, ಗಂಭೀರವಾಗಿ. “ಪಂದ್ಯ ಶುರುವಾಗಿದೆ. ಎಲ್ಲರಿಗೂ ಒಂದೇ ನ್ಯಾಯ.”

ಉಳಿದವರೆಲ್ಲ ಗೋಡೆಗೆ ಗುದ್ದಿ, ನಕ್ಕು, ಎದ್ದರು. ಕೊನೆಗೆ ವಸುಧಾ ಕೂತಳು. ಅವಳ ಕೈಗೆ ಹಳೇ ವೇಗವೇ ಅಭ್ಯಾಸ. ತಿರುವು ಬರುವ ಮೊದಲೇ ತಿರುಗಿಸುತ್ತಿದ್ದಳು. ಗೋಡೆ. ತಡವಾಗಿ ತಿರುಗಿಸಿದಳು. ಹೊಳೆ! ಅವಳು ಕೀಲಿಮಣೆಯಿಂದ ಕೈ ತೆಗೆದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಗೆಲ್ಲಬಹುದಾಗಿದ್ದ ಒಂದೇ ಒಂದು ಪಂದ್ಯದಲ್ಲಿ ನಾನು ಬೋನಸ್ ಸುರಿದು ಅವಳನ್ನು ಸೋಲಿಸಿದ್ದೆ. ಬಹುಮಾನದ ಸ್ಟೀಲಿನ ಟಿಫಿನ್ ಕ್ಯಾರಿಯರ್ ಮಾಶಿಮಾ ಪಾಲಾಯಿತು.

ಎಲ್ಲರೂ ಹೋದ ಮೇಲೆ ನಾನು ಕುಂಕುಮದ ಮೇಲೆ ಆರೋಪ ಹೊರಿಸಿ ನೋಡಿದೆ. ಸಿ.ಡಿ.ಯ ಮೇಲೂ ಹೊರಿಸಿದೆ.

“ರೀ,” ಎಂದಳು ವಸುಧಾ ಶಾಂತವಾಗಿ, “ಆ ಕಾರ್ಡಿಗೆ ಏನ ಮಾಡಬೇಕಂತ ಹೇಳಾವ್ರು ಯಾರು?”

“ಪ್ರೊಸೆಸರ್ರು.”

“ಅದು ಹಳೇದಲ್ಲೇನು? ಅದರ ತಲೀಮ್ಯಾಲೆ ಇಷ್ಟೆಲ್ಲಾ ಹೇರಿದ್ರ ಅದೂ ಏದುಸಿರು ಬಿಡೂದಿಲ್ಲೇನ್ರಿ? ಸಣ್ಣ ಎಂಜಿನ್ನು, ದೊಡ್ಡ ಪ್ರೊಪೆಲ್ಲರು. ದಿನಾ ಊಟದಾಗ ನೀವ ಹೇಳ್ತಿದ್ರಲ್ಲಾ!”

ಅಂದರೆ ಅವಳು ಇಷ್ಟು ವರ್ಷವೂ ಕೇಳಿಸಿಕೊಳ್ಳುತ್ತಿದ್ದಳು! ಕೇಳಿಸಿಕೊಳ್ಳದವನು ಮನೆಯಲ್ಲಿ ನಾನೊಬ್ಬನೇ.

ಮರುದಿನ ವಸುಧಾಳೇ ಕಾರ್ಡನ್ನು ಕಿತ್ತು ಅದರ ಪೆಟ್ಟಿಗೆಗೆ ಹಾಕಿದಳು. ಒಂದು ವರ್ಷ ಅದು ಅಟ್ಟದ ಮೇಲೆ ಮಲಗಿತು. ಮುಂದಿನ ಖಂಡೇನವಮಿಗೆ ಅವಳು ಸ್ಕೂಟರು, ಮಿಕ್ಸಿ, ಈಳಿಗೆಗೆ ಕುಂಕುಮ ಹಚ್ಚಿದಳು. ಕಂಪ್ಯೂಟರಿಗೆ ಹೊರಗಿನಿಂದ ಒಂದು ಸಣ್ಣ ಬೊಟ್ಟು. ಆಮೇಲೆ ನನ್ನ ಹಣೆಗೊಂದು ಬೊಟ್ಟಿಟ್ಟು, “ಇದನ್ನೂ ಇವತ್ತು ಚಾಲೂ ಮಾಡಬ್ಯಾಡ್ರಿ,” ಎಂದಳು.

ಮಾಡಲಿಲ್ಲ. ಸಂಜೆ ಪಂದ್ಯ ನಡೆದಷ್ಟು ಹೊತ್ತು ಬಾಲ್ಕನಿಯಲ್ಲಿ ನಿಂತು ಟ್ರಾಮು ನೋಡಿದೆ. ವಸುಧಾ ಗೆದ್ದಳು! ಆ ವರ್ಷವೂ ಬಹುಮಾನವಾಗಿದ್ದ ಟಿಫಿನ್ ಕ್ಯಾರಿಯರ್ ಹಿಡಿದು, ಬಂಗಾಳಿಯಲ್ಲಿ ಅವಳು ಮಾಡಿದ ಭಾಷಣ ಇಷ್ಟೇ: “ನನ್ನ ಯಜಮಾನರಿಗೆ ವಿಶೇಷ ಧನ್ಯವಾದ. ಈ ಸಲ ಅವರು ಏನನ್ನೂ ಮುಟ್ಟಲಿಲ್ಲ.”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಬಿಶ್ವಾಸ್ ಬಾಬು. ಅಂದು ಅವರು ಮುನ್ನೆಚ್ಚರಿಕೆಯಾಗಿ ಹಳದಿ ಪಂಜಾಬಿಯನ್ನೇ ತೊಟ್ಟು ಬಂದಿದ್ದರು. ನಾನೀಗ ಅದೇ ಕ್ಯಾರಿಯರಿನಲ್ಲಿ ಆಫೀಸಿಗೆ ಊಟ ಒಯ್ಯುತ್ತೇನೆ. ಊಟದ ಹೊತ್ತಿನಲ್ಲಿ ಪ್ರೊಪೆಲ್ಲರಿನ ಮಾತು ಎತ್ತುವುದಿಲ್ಲ.