ತುಂಗೆಗೆ ಕೊಡಬೇಕು, ಶಿವಮೊಗ್ಗಕ್ಕೆ ಬೇಡ

ಸೊಸೆಗೆ ಕೆಲಸ ಸಿಗಲಿ ಎಂದು ಹರಕೆ ಹೊರುವ ಅತ್ತೆಯನ್ನು ಜನ ಬಹಳ ಹೊಗಳುತ್ತಾರೆ. ಹೊಗಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ನಾನು ಹರಕೆ ಹೊತ್ತದ್ದು ಅಡುಗೆಮನೆಗಾಗಿ. ದುರ್ಗಿಗುಡಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ತಿರುಗಿದರೆ ಒಬ್ಬಳ ಸೆರಗು ಇನ್ನೊಬ್ಬಳ ಸಾರಿನಲ್ಲಿರುತ್ತದೆ. ಸುಮ ಒಳ್ಳೆಯ ಹುಡುಗಿಯೇ. ಒಳ್ಳೆಯವಳಾದ ಮಾತ್ರಕ್ಕೆ ನಾನು ಇಂಗು ಇಡುವ ಜಾಗದಲ್ಲಿ ಓಟ್ಸ್ ಡಬ್ಬ ಇಡಬಹುದೇ? ನಾನು ರುಬ್ಬಿದ ಚಟ್ನಿಯನ್ನು ಮತ್ತೆ ಮಿಕ್ಸಿಗೆ ಹಾಕಬಹುದೇ? ಅವಳು ಬೆಳಿಗ್ಗೆ ಹೊರಟು ಸಂಜೆ ಬಂದರೆ ನಡುವಿನ ಇಡೀ ಹಗಲು ಒಲೆ ನನ್ನದು. ಈ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ಅವಳಿಗೆ ಓದಿಗೇನೂ ಕಡಿಮೆಯಿಲ್ಲ. ಇಂಗ್ಲಿಷಿನಲ್ಲಿ ಎಂ.ಎ., ಅದರ ಮೇಲೆ ಬಿ.ಎಡ್. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡು ಓದುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ತೊಂದರೆ ಇದ್ದದ್ದು ಅವಳ ಬಾಯಿಯಲ್ಲಿ. ಮನೆಯಲ್ಲಿ ನನ್ನ ಜೊತೆ ಅಷ್ಟು ಚೆನ್ನಾಗಿ ಓಡುವ ಬಾಯಿ ನಾಲ್ಕು ಜನರೆದುರು ನಿಂತ ಕೂಡಲೇ ಒಣಗಿಹೋಗುತ್ತಿತ್ತು. ವಿದ್ಯಾನಗರದ ಯಾವುದೋ ಶಾಲೆಯಲ್ಲಿ ಪಾಠ ಮಾಡಿ ತೋರಿಸಿ ಎಂದಾಗ, ಮಕ್ಕಳಿಗೆ ಗುಡ್ ಮಾರ್ನಿಂಗ್ ಹೇಳಿ, ಮುಂದೇನೆಂದು ತಿಳಿಯದೆ ಇನ್ನೊಮ್ಮೆ ಗುಡ್ ಮಾರ್ನಿಂಗ್ ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಈಗ ಭದ್ರಾವತಿಯ ಒಂದು ಶಾಲೆಯಿಂದ ಕರೆ ಬಂದಿತ್ತು.

"ಈ ಸಲಾನೂ ಬಾಯಿ ಕಟ್ಕೊಂಡ್ರೆ ಮುಗೀತು ಅತ್ತೆ. ಇನ್ನು ಕೆಲಸದ ಮಾತೇ ಎತ್ತಲ್ಲ. ನಿಮ್ಮ ಜೊತೆ ಅಡುಗೆಮನೇಲೇ ಇದ್ಬಿಡ್ತೀನಿ" ಎಂದಳು.

ನಾನು ಆ ಗಳಿಗೆಯಲ್ಲೇ ಹರಕೆಗೆ ಇನ್ನೊಂದು ಕಾಯಿ ಸೇರಿಸಿದೆ. ಅವಳು ಹೇಳಿದ್ದೇನೋ ನಗುತ್ತಲೇ. ಆದರೆ ಕಣ್ಣು ಕೆಂಪಾಗಿತ್ತು, ಘಾಟಿಗೆ ಅನ್ನೋಣವೆಂದರೆ ಒಗ್ಗರಣೆ ಇನ್ನೂ ಹಾಕಿರಲಿಲ್ಲ.

ಭದ್ರಾವತಿಯ ಶಾಲೆಯವರು ಕೊಟ್ಟ ಪಾಠ ಇಂಗ್ಲಿಷಿನ 'ದಿ' ಎಂಬ ಪದದ್ದು. ನದಿ, ಬೆಟ್ಟ, ಊರುಗಳ ಹೆಸರಿಗೆ ಮೊದಲು ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದು. ಸುಮ ತರಕಾರಿ ಹೆಚ್ಚುತ್ತ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ದಿ ತುಂಗಾ, ದಿ ಭದ್ರಾ, ದಿ ಅರೇಬಿಯನ್ ಸೀ, ದಿ ವೆಸ್ಟರ್ನ್ ಘಾಟ್ಸ್. ಕೊಡಚಾದ್ರಿಗೆ ಇಲ್ಲ, ಕೆರೆಗೆ ಇಲ್ಲ, ಶಿವಮೊಗ್ಗಕ್ಕೂ ಇಲ್ಲ. ನನಗೆ ಸಿಟ್ಟು ಬಂತು.

"ಶಿವಮೊಗ್ಗ ಏನು ಪಾಪ ಮಾಡಿತ್ತೇ?"

"ಊರುಗಳಿಗೆ ಬರಲ್ಲ ಅತ್ತೆ. ರೂಲು."

"ಬೆಟ್ಟದ ಸಾಲಿಗೆ ಉಂಟು, ಒಂಟಿ ಬೆಟ್ಟಕ್ಕಿಲ್ಲ. ಇದ್ಯಾವ ನ್ಯಾಯ ಮಾರಾಯ್ತಿ?"

"ನನ್ನ ಕೇಳ್ಬೇಡಿ. ನಾನು ಮಾಡಿದ್ದಲ್ಲ" ಎಂದು ಬೀನ್ಸಿನ ಮೇಲೆ ಸಿಟ್ಟು ತೀರಿಸಿಕೊಂಡಳು.

ನಾನು ಕಾಯಿ ತುರಿಯುತ್ತ ಯೋಚಿಸಿದೆ. ಕೆಲವರಿಗೆ ಕೊಡಬೇಕು, ಕೆಲವರಿಗೆ ಕೊಡಬಾರದು. ಈ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಗಂಡ ಹೋದ ಮೇಲೆ ಹಬ್ಬದ ಮನೆಗಳಲ್ಲಿ ಕುಂಕುಮದ ತಟ್ಟೆ ನನ್ನನ್ನು ದಾಟಿಕೊಂಡು ಪಕ್ಕದವಳಿಗೆ ಹೋಗುತ್ತದೆ. ಹೋಗಲಿ. ನಾನು ಮೂಲೆಯಲ್ಲಿ ಕೂತು ಯಾರಿಗೆ ತಾಂಬೂಲ ಕೊಟ್ಟರು, ಯಾರನ್ನು ಮರೆತರು ಎಂದು ನೋಡುತ್ತಿರುತ್ತೇನೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ.

"ಇದು ತಾಂಬೂಲ ಕಣೇ ಸುಮಾ" ಎಂದೆ. "ಹೊರಗಿಂದ ಬಂದು ಹೋಗೋರಿಗೆ ಕೊಡಬೇಕು. ತುಂಗೆ ಎಲ್ಲಿಂದಲೋ ಬರ್ತಾಳೆ, ಎಲ್ಲಿಗೋ ಹೋಗ್ತಾಳೆ. ಸಮುದ್ರ ದಡಕ್ಕೆ ಬಂದು ಬಂದು ಹೋಗತ್ತೆ. ಅವ್ರು ನೆಂಟ್ರು. ಕೆರೆ, ಊರು, ಬೆಟ್ಟ ಕೂತಲ್ಲೇ ಕೂತಿರೋ ಮನೆಜನ. ಮನೆಯವ್ರಿಗೆ ಯಾರಾದ್ರೂ ತಾಂಬೂಲ ಕೊಡ್ತಾರಾ?"

"ಹಾಗಾದ್ರೆ ವೆಸ್ಟರ್ನ್ ಘಾಟ್ಸು? ಅದೂ ಕೂತೇ ಇದೆಯಲ್ಲ?"

"ಅದು ಗುಂಪು. ಗುಂಪು ಕಟ್ಕೊಂಡಿರೋರನ್ನ ಬರಿಗೈಲಿ ಕಳ್ಸಿದ್ರೆ ಬೀದಿ ತುಂಬ ಮಾತಾಗತ್ತೆ. ಸುಮ್ನೆ ಕೊಟ್ಬಿಡ್ಬೇಕು."

ಸುಮ ಚಾಕು ಕೆಳಗಿಟ್ಟು ನನ್ನನ್ನೇ ನೋಡಿದಳು. ಮದುವೆಯಾಗಿ ಬಂದ ಮೇಲೆ ನನ್ನ ಮಾತಿಗೆ ಅವಳು ಎದುರಾಡದೇ ಇದ್ದದ್ದು ಅದೇ ಮೊದಲು.

ಅವಳನ್ನು ಒಬ್ಬಳೇ ಕಳಿಸಿದರೆ ಅರ್ಧ ದಾರಿಯಲ್ಲಿ ಇಳಿದು ವಾಪಸು ಬಂದಾಳೆಂಬ ಭಯದಿಂದ ನಾನೂ ಭದ್ರಾವತಿಯ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಮುಂದಿನ ಸೀಟಿನ ಹೆಂಗಸು ತಿರುಗಿ, "ಯಾವ ಸ್ತೋತ್ರ ಅಮ್ಮಾ? ಹುಡುಗಿ ಭಾಳ ಭಕ್ತಿ" ಎಂದಳು. "ನದಿ ಸ್ತೋತ್ರ" ಎಂದೆ. ಸುಳ್ಳೇನಲ್ಲ.

ಶಾಲೆಯ ಹೆಡ್ ಮಾಸ್ತರರು ಒಳ್ಳೆಯ ಮನುಷ್ಯರು. ಅಜ್ಜಿ ಬಿಸಿಲಲ್ಲಿ ನಿಲ್ಲುವುದೇಕೆ ಎಂದು ನನ್ನನ್ನೂ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಸುಮ ಗುಡ್ ಮಾರ್ನಿಂಗ್ ಅಂದಳು. ಮಕ್ಕಳು ರಾಗವಾಗಿ ತಿರುಗಿ ಹೇಳಿದರು. ಆಮೇಲೆ ಫ್ಯಾನಿನ ಸದ್ದೊಂದೇ. ಸುಮ ಬೋರ್ಡು ನೋಡಿದಳು, ಕಿಟಕಿ ನೋಡಿದಳು. ಎರಡನೇ ಗುಡ್ ಮಾರ್ನಿಂಗಿಗೆ ಬಾಯಿ ತೆರೆಯುವುದು ನನಗೆ ಕಂಡಿತು. ಅದು ಹೊರಬಿದ್ದರೆ ನನ್ನ ಒಲೆ ಹೋಯಿತು.

"ಸುಮಾ, ಬಾಗಿಲಿಗೆ ಯಾರೋ ಬಂದ್ರು ನೋಡೇ!" ಎಂದು ಮನೆಯಲ್ಲಿ ಕೂಗುವ ಹಾಗೆಯೇ ಕೂಗಿಬಿಟ್ಟೆ.

ಇಡೀ ಕ್ಲಾಸು ಬಾಗಿಲ ಕಡೆ ತಿರುಗಿತು. ಅಲ್ಲಿ ಯಾರೂ ಇರಲಿಲ್ಲ. ಹೆಡ್ ಮಾಸ್ತರರು ನನ್ನನ್ನು ನೋಡಿದ ನೋಟ ಹೇಳುವಂಥದ್ದಲ್ಲ. ಆದರೆ ಸುಮಳಿಗೆ ನಗು ಬಂತು, ನಗುವಿನ ಹಿಂದೆ ಮಾತೂ ಬಂತು. ಮುಂದಿನ ಬೆಂಚಿನ ಇಬ್ಬರು ಹುಡುಗಿಯರನ್ನು ಹೊರಗೆ ಕಳಿಸಿ, "ನೀನು ತುಂಗಾ, ನೀನು ಭದ್ರಾ. ನಮ್ಮನೆಗೆ ಬನ್ನಿ" ಎಂದಳು. ಬಂದವರ ಕೈಗೆ ಒಂದೊಂದು ಸೀಮೆಸುಣ್ಣ ಕೊಟ್ಟು, "ಇದೇ ತಾಂಬೂಲ, ಇದೇ ದಿ" ಎಂದಳು. ಕೊನೇ ಸಾಲಿನವರೆಲ್ಲ ಹೆಗಲ ಮೇಲೆ ಕೈ ಹಾಕಿಕೊಂಡು ಪಶ್ಚಿಮ ಘಟ್ಟವಾದರು. ಶಿವಮೊಗ್ಗ ಆದವನಿಗೆ ಏನೂ ಸಿಗಲಿಲ್ಲ. ಅವನು ಮುಖ ಊದಿಸಿಕೊಂಡ. "ನೀನು ಮನೆಯವ್ನಪ್ಪ" ಎಂದು ಸುಮ ತಲೆ ಸವರಿದಳು. ನಡುನಡುವೆ ಇಂಗ್ಲಿಷೂ ನೀರಿನಂತೆ ಹರಿಯುತ್ತಿತ್ತು.

ತುಂಗೆಯಾದ ಹುಡುಗಿ ಕೈಯೆತ್ತಿದಳು. "ಮಿಸ್, ಕೂಡ್ಲೀಲಿ ನಾವಿಬ್ರೂ ಸೇರಿ ತುಂಗಭದ್ರಾ ಆಗ್ತೀವಲ್ಲ, ಆವಾಗ ಎರಡು ಸೀಮೆಸುಣ್ಣನಾ?"

"ಸೇರಿದ್ಮೇಲೆ ಒಂದೇ ಮನೆ. ಒಂದೇ ತಾಂಬೂಲ. ಇನ್ನೊಂದು ವಾಪಸ್ ಕೊಡು."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಗ ಹೆಡ್ ಮಾಸ್ತರರು ಎದ್ದು ನಿಂತರು.

"ಮೇಡಂ, ಜೋಗ್ ಫಾಲ್ಸಿಗೆ ದಿ ಹಾಕಲ್ಲ. ಆದ್ರೆ ಅದು ಹರಿಯೋ ನೀರೇ ಅಲ್ವಾ? ನಿಮ್ಮ ತಾಂಬೂಲದ ಲೆಕ್ಕ ಅಲ್ಲಿ ತಪ್ಪತ್ತಲ್ರೀ?"

ಸುಮ ನನ್ನ ಕಡೆ ನೋಡಿದಳು. ಉಳಿದ ಕಣ್ಣುಗಳೂ ಅವಳ ಹಿಂದೆಯೇ ಬಂದವು. ನಿಜ ಹೇಳುತ್ತೇನೆ, ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಏನಾದರೊಂದು ಹೇಳುವುದು ನನ್ನ ಅಭ್ಯಾಸ. ಆವತ್ತು ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಸುಮ ನನ್ನಿಂದ ಕಣ್ಣು ತೆಗೆದು ನೆಟ್ಟಗೆ ಅವರನ್ನು ನೋಡಿದಳು.

"ಜೋಗ ನಮ್ಮನೆಗೆ ಬರಲ್ಲ ಸರ್. ನಾವೇ ಬಸ್ ಹತ್ತಿ ಜೋಗಕ್ಕೆ ಹೋಗೋದು. ಬರೋಳು, ಬೀಳೋಳು, ಹೋಗೋಳು ಎಲ್ಲ ಶರಾವತಿ. ತಾಂಬೂಲ ಅವಳಿಗೆ. ಜೋಗ ಇದ್ದಲ್ಲೇ ಇರತ್ತೆ."

ಹೆಡ್ ಮಾಸ್ತರರು ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದರು. ತಾಂಬೂಲ ಸಿಗದೆ ಮುನಿಸಿಕೊಂಡಿದ್ದ ಶಿವಮೊಗ್ಗವೂ ತಟ್ಟಿತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಸೋಮವಾರದಿಂದಲೇ ಬನ್ನಿ ಎಂದು ಅಲ್ಲೇ ಹೇಳಿದರು. ವಾಪಸು ಬರುವಾಗ ಸುಮ ಬಸ್ಸಿನಲ್ಲಿ ಒಂದು ಕ್ಷಣವೂ ಬಾಯಿ ಮುಚ್ಚಲಿಲ್ಲ. ನನಗೆ ತಲೆನೋವು ಬಂತು, ಆದರೂ ಮುಚ್ಚು ಎನ್ನಲಿಲ್ಲ.

ಸೋಮವಾರ ಅಡುಗೆಮನೆ ಪೂರ್ತಿ ನನ್ನ ಕೈಗೆ ಬಂತು. ಭದ್ರಾವತಿಯ ಬಸ್ಸು ಬೇಗ ಹೊರಡುತ್ತದೆಂದು ಭಾನುವಾರವೇ ಸುಮ ತಿಳಿಸಿದ್ದಳು. ಡಬ್ಬಿಗೆ ಸಾರು ಬೇಡ, ಚೆಲ್ಲುತ್ತದೆ. ಪಲ್ಯ, ಚಪಾತಿ ಸಾಕು ಅತ್ತೆ, ಸ್ಟಾಫ್ ರೂಮಿನಲ್ಲಿ ಹಂಚಿಕೊಂಡು ತಿನ್ನುತ್ತಾರಂತೆ, ಸ್ವಲ್ಪ ಜಾಸ್ತಿಯೇ ಇರಲಿ ಎಂದೂ ಹೇಳಿದ್ದಳು. ಹಾಗಾಗಿ ಈಗ ಕೋಳಿ ಕೂಗುವ ಮುಂಚೆ ಎದ್ದು ಭದ್ರಾವತಿಯ ಮೇಷ್ಟರುಗಳಿಗೆಲ್ಲ ಚಪಾತಿ ಲಟ್ಟಿಸುತ್ತಿದ್ದೇನೆ. ಪಕ್ಕದ ಮನೆಯವಳು ಕಿಟಕಿಯಿಂದ, "ಏನಜ್ಜಿ, ಈ ವಯಸ್ಸಲ್ಲಿ ಒಬ್ರೇ ಒದ್ದಾಡ್ತೀರಲ್ಲ, ಸೊಸೆ ಸಹಾಯ ಮಾಡಲ್ವಾ?" ಎಂದು ಕನಿಕರಿಸಿದಳು.

"ಒದ್ದಾಟ ಅಲ್ಲ ಕಣೇ, ಗೆದ್ದಿದ್ದೀನಿ" ಎಂದು ಹೇಳಿ ಇನ್ನೊಂದು ಉಂಡೆಗೆ ಹಿಟ್ಟು ಹಚ್ಚಿದೆ.