ಒಂದೂವರೆ ಇಂಚಿನ ಹಟ

ನನ್ನದು ಮಾತು ಕಡಿಮೆ. ಹಾಗಾಗಿ ನನ್ನ ಪರವಾಗಿ ಮಾತಾಡುವ ಕೆಲಸವನ್ನು ಉಳಿದವರೆಲ್ಲ ಹಂಚಿಕೊಂಡುಬಿಟ್ಟಿದ್ದಾರೆ. ನಾನು ಒಂದು ಪೈಪು ಕೊಳ್ಳಲು ಹೋದರೂ ನನ್ನೊಬ್ಬಳನ್ನು ಬಿಟ್ಟು ಅಂಗಡಿಯಲ್ಲಿರುವ ಎಲ್ಲರೂ ಅದರ ಅಳತೆ ಹೇಳುತ್ತಾರೆ. ಮನೆಯಲ್ಲಿ ಮೀನಿನ ತೊಟ್ಟಿ ಕೂರಿಸಲು ಹೊರಟಾಗಲೂ ಹಾಗೇ ಆಯಿತು.

೧. ಷರತ್ತು

ಬ್ಯಾಡಗಿಯ ನಮ್ಮ ಮನೆಯ ಪಡಸಾಲೆ ಅರ್ಧ ನಮ್ಮದು, ಅರ್ಧ ಅಪ್ಪನ ಮೆಣಸಿನಕಾಯಿ ಚೀಲಗಳದು. ನಮ್ಮ ಅರ್ಧದಲ್ಲಿ ಒಂದು ಮೂಲೆ ನನಗೆ ಬೇಕೆಂದೆ. ಮೇಲೆ ಮೀನಿನ ಗಾಜಿನ ತೊಟ್ಟಿ, ಅದರ ಕೆಳಗೆ ನೀರು ಸೋಸುವ ಇನ್ನೊಂದು ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ತಾನಾಗಿ ಇಳಿಯಬೇಕು, ಕೆಳಗಿನ ಮೋಟರು ಅದನ್ನು ಮತ್ತೆ ಮೇಲಕ್ಕೆ ಕಳಿಸಬೇಕು.

ಅಪ್ಪ ಚೀಲಗಳ ಕಡೆ ನೋಡಿ ಹೇಳಿದರು, "ನೀರು ತಾಗಿದ ಕಾಯಿ ಯಾರೂ ಮುಟ್ಟಂಗಿಲ್ಲ. ನೆಲಕ್ಕ ಒಂದು ಹನಿ ಬಿತ್ತಂದ್ರ ನಿನ್ನ ತೊಟ್ಟಿ ಹೊರಗ, ಮೀನು ಸೀದಾ ಕೆರಿಗೆ."

ಅವ್ವನ ಚಿಂತೆ ಬೇರೆ. "ನಮ್ಮನ್ಯಾಗ ಯಾರೂ ಮೀನು ತಿನ್ನಂಗಿಲ್ಲ. ಮತ್ಯಾಕ ಸಾಕತಿ?"

"ಅದಕ್ಕ ಅವು ಇಲ್ಲಿ ಸುಖವಾಗಿರ್ತಾವ" ಎಂದು ತಿರುಗಿಸಿ ಹೇಳಿದೆ. ಮನಸ್ಸಿನಲ್ಲಿ.

೨. ರಾಣೆಬೆನ್ನೂರಿನ ಅಂಗಡಿ

ಮೇಲೆ ಹೋಗುವ ನೀರಿಗೆ ಮೋಟರಿನ ಒತ್ತಡವಿದೆ. ಇಳಿಯುವ ನೀರಿಗೆ ತನ್ನ ಭಾರ ಬಿಟ್ಟರೆ ಬೇರೆ ಗತಿಯಿಲ್ಲ. ಆದ್ದರಿಂದ ಇಳಿಯುವ ಪೈಪು ದಪ್ಪ ಇರಲೇಬೇಕು, ಇಲ್ಲವಾದರೆ ಮೇಲಿನ ತೊಟ್ಟಿ ಉಕ್ಕಿ ಚೀಲಗಳಿಗೆ ಸ್ನಾನ. ಲೆಕ್ಕ ಹಾಕಿದಾಗ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಬಂತು. ಧಾರಾಳವಾಗಿ ಒಂದೂವರೆ ಇರಲಿ ಎಂದು ತೀರ್ಮಾನಿಸಿದೆ.

ಪೈಪಿನ ಅಂಗಡಿಯಲ್ಲಿ ಕೇಳಿದ್ದು ನಾನು. ಅಂಗಡಿಯವರು ಉತ್ತರ ಕೊಟ್ಟಿದ್ದು ನನ್ನ ಜೊತೆ ಬಂದು ಹಿಂದೆ ನಿಂತಿದ್ದ ಅಪ್ಪನ ತಮ್ಮ, ನಮ್ಮ ಕಾಕಾಗೆ.

"ತಂಗಿ ಏನು ಹೊಲಕ್ಕ ನೀರು ಹಾಯಸಾಕತ್ತಾಳೇನ್ರಿ?"

"ಇಲ್ರಿ, ಮೀನಿಗೆ" ಎಂದರು ಕಾಕಾ, ಸಂಕೋಚದಿಂದ.

"ಮೀನಿಗೆ ಅರ್ಧ ಇಂಚು ಸಾಕ್ರಿ. ಭಾಳಾದ್ರ ಅರ್ಧ ಇಂಚಿನವು ಎರಡು ಹಾಕ್ರಿ. ಕೂಡಿ ಒಂದು ಇಂಚಾತು!"

ಕಾಕಾ ಒಪ್ಪಿ ತಲೆಯಾಡಿಸಿದರು. ನನಗೆ ಇದನ್ನು ಇಂಗ್ಲಿಷಿನಲ್ಲಿ ಮಾತ್ರ ವಿವರಿಸಲು ಬರುತ್ತಿತ್ತು. ಆ ಮಾಧ್ಯಮದಲ್ಲಿ ಓದಿದ್ದರ ಫಲ. ಹಾಗಾಗಿ ಮಾತು ಬಿಟ್ಟು ಪೆನ್ನು ತೆಗೆದೆ. ಅವರ ಹಳೇ ಪೇಪರಿನ ಮೇಲೆ ಒಂದು ಇಂಚಿನ ವೃತ್ತ ಬರೆದು, ಅದರೊಳಗೆ ಅರ್ಧ ಇಂಚಿನ ಎರಡು ವೃತ್ತ ಬರೆದೆ. ಸುತ್ತಲೂ ಬೇಕಾದಷ್ಟು ಜಾಗ ಉಳಿಯಿತು. ಈಗಲಾದರೂ ತಿಳಿಯಿತೇ ಎಂಬಂತೆ ಅವರ ಮುಖ ನೋಡಿದೆ.

ಅವರು ಬಹಳ ಹೊತ್ತು ದಿಟ್ಟಿಸಿ ನೋಡಿ, ಪೂರ್ತಿ ಒಪ್ಪಿಕೊಂಡರು. "ಖರೇ ಐತಿ ತಂಗಿ. ಉಳಿದ ಜಾಗಕ್ಕ ಇನ್ನೂ ಎರಡು ಸಣ್ಣ ಪೈಪ್ ಕೊಡ್ತೇನಿ, ಒಯ್ರಿ."

ಒಂದೂವರೆ ಇಂಚಿನ ಪೈಪು ಕೌಂಟರಿನ ಮೇಲೆ ಬರುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

೩. ವಾಲ್ವ್

ಹಾವೇರಿಯಿಂದ ಪ್ಲಂಬರ್ ಬಂದರು. ಇಳಿಯುವ ಪೈಪಿಗೂ ಒಂದು ವಾಲ್ವ್ ಹಾಕುತ್ತೇನೆ ಎಂದು ಹಟ ಹಿಡಿದರು.

"ಬ್ಯಾಡ್ರಿ. ಮೋಟರು ಚಾಲೂ ಇದ್ದಾಗ ಯಾರರ ಬಂದ್ ಮಾಡಿದ್ರ ಮ್ಯಾಲಿಂದು ಉಕ್ಕತೈತಿ" ಎಂದೆ.

"ವಾಲ್ವ್ ಇಲ್ಲದ ಪೈಪ್ ನಾ ಇಲ್ಲೀತನಾ ಹಾಕಿಲ್ರಿ ಅಕ್ಕಾರ. ಸುಮ್ಮಸುಮ್ಮನ ಯಾಕ ಬಂದ್ ಮಾಡ್ತಾರ? ಯಾರಿಗೆ ಹುಚ್ಚು ಹಿಡದೈತಿ?"

ಅಷ್ಟರಲ್ಲಿ ಕಾಕಾ ಬಂದರು. ಪ್ಲಂಬರ್ ಕೈಯಲ್ಲಿದ್ದ ವಾಲ್ವ್ ನೋಡಿ, "ಏ, ಇದು ಹೆಂಗ ತಿರಗತೈತಿ?" ಎನ್ನುತ್ತ ತಿರುಗಿಸಿ, ಬಿಗಿಯಾಗಿ ಬಂದ್ ಮಾಡಿ, ಒಳಗೆ ಹೋದರು.

ಪ್ಲಂಬರ್ ನನ್ನ ಮುಖವನ್ನೂ ನೋಡದೆ ವಾಲ್ವನ್ನು ಚೀಲಕ್ಕೆ ಹಾಕಿಕೊಂಡರು.

೪. ಪರೀಕ್ಷೆ

ಮೀನು ಬಿಡುವ ಮೊದಲು ಬರೀ ನೀರು ಹಾಕಿ ಓಡಿಸಿ ತೋರಿಸಬೇಕಿತ್ತು. ಅಪ್ಪ ತೊಟ್ಟಿಗೂ ಚೀಲಗಳಿಗೂ ನಡುವೆ ಕುರ್ಚಿ ಹಾಕಿ ಕೂತರು. ಮೋಟರು ಹಾಕಿದೆ. ನೀರು ಹತ್ತಿತು, ನನ್ನ ದಪ್ಪ ಪೈಪಿನಲ್ಲಿ ಗುಳುಗುಳು ಇಳಿಯಿತು. ಒಂದು ಹನಿಯೂ ಹೊರಗೆ ಬರಲಿಲ್ಲ. ಅಪ್ಪ ಬೇಸರದಿಂದ ಎದ್ದರು.

ಆಗ ಕರೆಂಟು ಹೋಯಿತು.

ಅದಕ್ಕೂ ನನ್ನ ಹತ್ತಿರ ಲೆಕ್ಕವಿತ್ತು. ಮೋಟರು ನಿಂತರೆ ಮೇಲಿನ ನೀರು ಸ್ವಲ್ಪ ಇಳಿದು ಕೆಳಗಿನ ತೊಟ್ಟಿ ಹೆಚ್ಚುಕಡಿಮೆ ತುಂಬುತ್ತದೆ, ಅಂಚಿಗೆ ಮೂರು ಬೆರಳು ಉಳಿದಾಗ ನಿಲ್ಲುತ್ತದೆ. ಹಾಗೇ ನಿಂತಿತು. "ನೋಡ್ರಿ, ನಿಂತೈತಿ" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಕಾಕಾ ನೋಡಿದ್ದು ಮೇಲಿನ ತೊಟ್ಟಿಯನ್ನು ಮಾತ್ರ. "ಏ, ನೀರು ಕಡಿಮಿ ಆತು! ಎಲ್ಲೋ ಸೋರಾಕತ್ತೇತಿ!" ಎಂದು ಕೂಗಿ, ಬಚ್ಚಲಿಗೆ ಓಡಿ, ತುಂಬಿದ ಬಕೆಟ್ ತಂದು ಮೇಲಿನ ತೊಟ್ಟಿಗೆ ಸುರಿದೇ ಬಿಟ್ಟರು. ಅದಷ್ಟೂ ಒಂದೂವರೆ ಇಂಚಿನ ಪೈಪಿನಲ್ಲಿ ಸಲೀಸಾಗಿ ಇಳಿದು, ಕೆಳಗಿನ ತೊಟ್ಟಿಯನ್ನು ಉಕ್ಕಿಸಿ, ಚೀಲಗಳತ್ತ ಹೊರಟಿತು.

ಅಪ್ಪ ಹೆಗಲ ಮೇಲಿನ ಟವೆಲ್ ಎಸೆದು ಒಡ್ಡು ಹಾಕಿದರು. ಚೀಲಗಳು ಉಳಿದವು. ಆದರೆ ನೆಲ ಒದ್ದೆಯಾಗಿತ್ತು.

"ನಾ ಏನಂದಿದ್ದೆ?" ಎಂದರು ಅಪ್ಪ.

"ನಾ ಮೊದಲ ಹೇಳಿದ್ದೆ, ಈಕಿ ಲೆಕ್ಕ ತಪ್ಪೈತಿ ಅಂತ" ಎಂದರು ಕಾಕಾ, ಕೈಯಲ್ಲಿ ಖಾಲಿ ಬಕೆಟ್ ಹಿಡಿದುಕೊಂಡು.

ಅವತ್ತು ನನ್ನ ದನಿ ಬೀದಿಗೆ ಕೇಳಿಸಿತಂತೆ. "ನನ್ನ ಲೆಕ್ಕ ತಪ್ಪಿಲ್ಲ! ಪೈಪಿನ ಲೆಕ್ಕ ಹಾಕೇನಿ, ಮೋಟರಿನ ಲೆಕ್ಕ ಹಾಕೇನಿ, ಕರೆಂಟ್ ಹೋದ್ರ ಏನು ಅನ್ನೂದನೂ ಹಾಕೇನಿ. ಕಾಕಾನ ಲೆಕ್ಕ ಯಾವ ಪುಸ್ತಕದಾಗೂ ಇಲ್ಲ! ತೊಟ್ಟಿ ಇಲ್ಲಿಂದ ಕದಲಂಗಿಲ್ಲ. ಯಾರರ ಕೆರಿಗೆ ಹೋಗಬೇಕಂದ್ರ ಕಾಕಾ ಹೋಗ್ಲಿ!"

ಅಪ್ಪ ಟವೆಲ್ ಹಿಂಡುತ್ತ ನನ್ನನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಕೊನೆಗೆ ತಮ್ಮನ ಕೈಯಲ್ಲಿದ್ದ ಬಕೆಟ್ ನೋಡಿದರು. "ಈಕಿ ಹೇಳೂದು ಖರೇ ಐತಿ. ತೊಟ್ಟಿ ಇರ್ಲಿ" ಎಂದರು.

ಅಡುಗೆಮನೆಯಿಂದ ಅವ್ವನ ದನಿ ಕಾಕಾನತ್ತ ಬಂತು. "ಹಂಗಾದ್ರ ಕೆರಿಗೆ ಲಗೂನ ಹೋಗಿ, ಬರೂಮುಂದ ಬಕೆಟ್ ತುಂಬಿಕೊಂಡು ಬಾರಪ್ಪಾ. ಮನ್ಯಾಗ ಬಳಸಾಕ ಇದ್ದ ನೀರು ಅದೊಂದ ಆಗಿತ್ತು."