ಅತ್ತೆಯ ಮೆನೋರಾ, ನನ್ನ ಯಮನ ದಿಕ್ಕು

ಸುಳ್ಳು ಹೇಳೋದಕ್ಕೂ ಯೋಗ್ಯತೆ ಬೇಕು. ನನಗದಿಲ್ಲ. ಹೊಟ್ಟೆನೋವು ಅಂತ ಶಾಲೆ ತಪ್ಪಿಸಿ, ಹತ್ತೇ ನಿಮಿಷಕ್ಕೆ ಅಡುಗೆಮನೆಗೆ ಹೋಗಿ ಇನ್ನೊಂದು ದೋಸೆ ಕೇಳಿ ಸಿಕ್ಕಿಬಿದ್ದವಳು ನಾನು. ಈ ಡಿಸೆಂಬರಿನಲ್ಲಿ ಸಿಕ್ಕಿಬಿದ್ದದ್ದು ಅತ್ತೆಯ ಕೈಗೆ.

ನಾನು ಮೈಸೂರಿನವಳು, ಗಂಡ ಡೇನಿಯಲ್ ಐರ್ಲೆಂಡಿನ ಕಾರ್ಕ್ ನಗರದ ಯೆಹೂದಿ, ಮನೆ ಅಲ್ಲೇ ಡಗ್ಲಸ್ ಬಡಾವಣೆಯಲ್ಲಿ. ಮಾವ ತೀರಿಕೊಂಡ ಮೇಲೆ, ಬೇಸಿಗೆಯಲ್ಲಿ, ಅತ್ತೆ ರೂತ್ ನಮ್ಮ ಜೊತೆಗೇ ಇರಲು ಬಂದರು. ಕಾರಿನಲ್ಲಿ ದಾರಿಯುದ್ದಕ್ಕೂ ಅವರ ಮಡಿಲಲ್ಲಿ ಮೆನೋರಾ. ಅದು ಹನುಕ್ಕಾ ಹಬ್ಬದ ಹಿತ್ತಾಳೆ ದೀಪ. ಎಂಟು ದಿನಕ್ಕೆ ಎಂಟು ಬತ್ತಿ, ಅವನ್ನು ಹಚ್ಚಲು ಇನ್ನೊಂದು. ಹಿಂದೆ ಒಂದು ದಿನದ ಎಣ್ಣೆ ಎಂಟು ದಿನ ಉರಿದಿತ್ತಂತೆ. ಆ ಪವಾಡ ಹೋಗಿಬರುವವರಿಗೆಲ್ಲ ಗೊತ್ತಾಗಲಿ ಅಂತ ಬೀದಿ ಕಡೆಯ ಕಿಟಕಿಯಲ್ಲೇ ಇಡಬೇಕು. "ನಿನ್ನ ಮಾವ ಇಲ್ಲದ ಮೊದಲ ಹಬ್ಬ. ಅವರು ಇಡುತ್ತಿದ್ದ ಹಾಗೆ ಕಿಟಕಿಯಲ್ಲೇ ಇಡೋಣಮ್ಮ" ಅಂದರು ಅತ್ತೆ, ಹಬ್ಬದ ಹಿಂದಿನ ದಿನ. ಅವರ ಕಾರ್ಕ್ ಇಂಗ್ಲಿಷಿನ ರಾಗ ಕನ್ನಡಕ್ಕೆ ಬರೋದಿಲ್ಲ, ಭಾವಾರ್ಥ ಇಷ್ಟೇ.

ಯೆಹೂದಿಗಳ ಮೇಲಿನ ದಾಳಿಗಳ ಸುದ್ದಿ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ಯಾರಾದರೂ ಕಲ್ಲೆಸೆದರೆ? ಮಗಳು ಹೋಂವರ್ಕ್ ಮಾಡೋದು ಆ ಕಿಟಕಿಯ ಪಕ್ಕದಲ್ಲೇ. ಗಂಡನನ್ನು ಕೇಳಿದರೆ "ಗ್ರ್ಯಾಂಡ್, ಏನೂ ಆಗಲ್ಲ" ಅಂದ. ಐರಿಷ್ ಬಾಯಲ್ಲಿ ಗ್ರ್ಯಾಂಡ್ ಅಂದರೆ ಎಲ್ಲ ಸರಿಯಿದೆ ಅಂತ. ಇವರಿಗೆ ಸೂರು ಸೋರಿದರೂ ಗ್ರ್ಯಾಂಡ್, ಹಲ್ಲು ಕೀಳಿಸಿಕೊಂಡು ಬಂದರೂ ಗ್ರ್ಯಾಂಡ್. ಇಂಥವರ ಹತ್ತಿರ ಏನು ಹೇಳ್ಕೊಳ್ಳೋದು, ನನ್ನ ಕರ್ಮ!

ಭಯ ಅಂತ ಅತ್ತೆಗೆ ಹೇಳಲು ನಾಚಿಕೆ. ಅದಕ್ಕೇ ಯಮನನ್ನು ಕರೆದೆ. "ಅತ್ತೆ, ಆ ಕಿಟಕಿ ದಕ್ಷಿಣಕ್ಕಿದೆ, ಯಮನ ದಿಕ್ಕು. ನಾವು ಅಲ್ಲಿಗೆ ಮುಖ ಮಾಡಿ ದೀಪ ಹಚ್ಚಲ್ಲ. ನಮ್ಮಮ್ಮನಿಗೆ ಗೊತ್ತಾದ್ರೆ ಊಟ ಬಿಡ್ತಾರೆ." ಪಾಪ, ಅಮ್ಮ ಮೈಸೂರಿನಲ್ಲಿ ತನ್ನ ಪಾಡಿಗೆ ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ವದ ಅಡುಗೆಮನೆ ಕಿಟಕಿ ತೋರಿಸಿದೆ. ಅದರಾಚೆ ಇರೋದು ಹಿತ್ತಲಿನ ಮೂರು ಕಸದ ಬಿನ್ನು. ಅತ್ತೆ ಅವನ್ನು ಬಹಳ ಹೊತ್ತು ನೋಡಿದರು. "ಪಾಪ, ಇವಕ್ಕೂ ಪವಾಡ ಗೊತ್ತಾಗಲಿ" ಅಂದರು. ಆಮೇಲೆ ಮೆಲ್ಲಗೆ ಕೇಳಿದರು: "ದೀಪಾವಳಿಗೆ ನೀನು ಅಷ್ಟೊಂದು ಹಣತೆ ಇಟ್ಟಿದ್ದು ಯಾವ ಕಿಟಕಿಯಲ್ಲಿ?"

ಅಯ್ಯೋ ದೇವರೇ! ಅದೇ ಕಿಟಕಿ. ಎದುರುಮನೆಯವರು ಬಂದು ಫೋಟೋ ಬೇರೆ ತೆಗೆದುಕೊಂಡಿದ್ದರು. ಆಗ ನನಗೆ ಯಮನೂ ನೆನಪಾಗಿರಲಿಲ್ಲ, ಕಲ್ಲೂ ನೆನಪಾಗಿರಲಿಲ್ಲ. "ಭಯ ಆಗುತ್ತೆ ಅತ್ತೆ" ಅಂದೆ. ಅಳು ಬಂದುಬಿಟ್ಟಿತು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಅದಕ್ಕೂ ನಮ್ಮಲ್ಲಿ ನಿಯಮ ಇದೆ. ಭಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೂ ಸಾಕು" ಅಂದು ತಾವೇ ಮೆನೋರಾವನ್ನು ಊಟದ ಮೇಜಿಗೆ ಒಯ್ದರು. "ನನ್ನಜ್ಜಿ ಹುಟ್ಟಿದ ದೇಶದಲ್ಲಿ, ದಾಳಿಯ ಭಯಕ್ಕೆ, ಹಾಗೇ ಇಡುತ್ತಿದ್ದಳು. ಕಾರ್ಕಿಗೆ ಓಡಿಬಂದ ಮೇಲೆಯೇ ಕಿಟಕಿಗೆ ತಂದದ್ದು."

ಎಂಟು ದಿನವೂ ಮೇಜಿನ ಮೇಲೆ ದೀಪ ಉರಿಯಿತು, ಪರದೆ ಎಳೆದುಕೊಂಡು. ಕಲ್ಲು ಬೀಳಲಿಲ್ಲ. ಮೂರು ತಲೆಮಾರು ಕಿಟಕಿಯಲ್ಲಿದ್ದ ದೀಪವನ್ನು ಒಳಗೆ ತರಿಸಲು ಯಾವ ಶತ್ರುವೂ ಬರಬೇಕಾಗಲಿಲ್ಲ. ಸೊಸೆಯೊಬ್ಬಳು ಸಾಕಾಯಿತು.